ಕುರ್ಚಿಯಿಲ್ಲದ ಓದು

ಜೂನ್ 4

ಅಮ್ಮಾ,

ಇವತ್ತು ಮಧ್ಯಾಹ್ನದ ಬಿಡುವಿನಲ್ಲಿ ಕಾರ್ಯದರ್ಶಿ ಅಕ್ಕ ನನ್ನನ್ನು ಬಟ್ಟೆ ಒಣಗಿಸುವ ಕೋಣೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಸಾವಿನ ಸುದ್ದಿ ಹೇಳುವವರ ಹಾಗೆ ಮುಖ ಮಾಡಿಕೊಂಡು, "ನೀನು ಎಂಬಿಎ ಮಾಡ್ಬೇಕು" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಬಸ್ ನಿಲ್ದಾಣದ ಆಚೆ ಇರುವ ಆ ಗಾಜಿನ ಕಾಲೇಜಿನಲ್ಲಿ ಕೆಲಸಕ್ಕೆ ಹೋಗುವವರಿಗೆಂದೇ ಸಂಜೆಯ ತರಗತಿ ನಡೆಸುತ್ತಾರಂತೆ. ಎರಡು ವರ್ಷ. ನಮ್ಮ ಲಾಂಡ್ರಿಯಿಂದ ಒಬ್ಬರು ಹೋಗಿ ಕಲಿತು ಬರಬೇಕಂತೆ, ಪದವಿ ಮುಗಿಸಿದವಳು ನಾನೊಬ್ಬಳೇ ಎಂದು ಆ ಒಬ್ಬರು ನಾನೇ ಆಗಬೇಕಂತೆ. ಮಾಲೀಕ ಬಿಟ್ಟುಹೋದ ಲಾಂಡ್ರಿಯ ಬೀಗ ಒಡೆದು, ಕೆಲಸಗಾರರದ್ದೇ ಸಂಘ ಕಟ್ಟಿ ನಡೆಸಿದ ಮೊದಲಿಗರಲ್ಲಿ ನೀನೂ ಒಬ್ಬಳು. ಮೇಲಿನವರು ಕೆಳಗಿನವರು ಇಲ್ಲದ ಜಾಗ ಅದು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಕಾರ್ಯದರ್ಶಿ ಅಕ್ಕನಿಗೆ ಹೇಳಿ ಹೇಳಿ ಇನ್ನೂ ಉಳಿದಿದೆ. ಎಂಬಿಎ ಎಂದರೇನು? ಕೆಲಸ ಮಾಡದವನು ಮಾಡುವವನ ಮೇಲೆ ಕೂರುವುದು ಹೇಗೆ ಎಂದು ಕಲಿಸುವ ಶಾಲೆ. ಬೀಗ ಹಾಕಿ ಬಿಟ್ಟುಹೋದವನನ್ನು ಕಾಲೇಜಿನ ಬಾಗಿಲಿನಿಂದ ಮತ್ತೆ ಒಳಗೆ ಕರೆಯಬೇಕೆ?

ಇದಕ್ಕೆಲ್ಲ ಕಾರಣ ಆ ಸಲಹೆಗಾರ. ದೊಡ್ಡಾಸ್ಪತ್ರೆಯವರು ನಮಗೆ ಬಟ್ಟೆ ಕೊಡುವ ಕರಾರು ಬರುವ ವರ್ಷ ಮುಗಿಯುತ್ತದೆ. ಮುಂದುವರಿಸಬೇಕಾದರೆ ಮೂರು ವರ್ಷದ ಯೋಜನೆ ಬರೆದುಕೊಡಿ ಎಂದಿದ್ದಾರೆ. ನಮಗೆ ಬರೆಯಲು ಬರುವುದಿಲ್ಲವೆಂದು ಒಬ್ಬನನ್ನು ಕರೆಸಿದೆವು. ಅವನು ಕಿರುಗುಟ್ಟುವ ಬೂಟು ಹಾಕಿಕೊಂಡು ಎಲ್ಲ ಕೋಣೆ ಸುತ್ತಿ, ಮಡಿಸುವ ವಿಭಾಗವನ್ನು ತೆಗೆದು ಯಂತ್ರ ತನ್ನಿ ಎಂದು ಬರೆದಿಟ್ಟು ಹೋದ. ಅವನು ಹೇಳಿದ್ದು ತಪ್ಪು ಎಂದು ನಮಗೆಲ್ಲರಿಗೂ ಗೊತ್ತಿತ್ತು. ಯಾಕೆ ತಪ್ಪು ಎಂದು ಒಬ್ಬರಿಗೂ ಹೇಳಲಾಗಲಿಲ್ಲ. ಅಕ್ಕ ಅದನ್ನೇ ಹಿಡಿದುಕೊಂಡಿದ್ದಾರೆ. "ಅವನದು ತಪ್ಪು ಅಂತ ಹೇಳೋಕಾದ್ರೂ ಅವನ ಭಾಷೆ ಬರೋರು ನಮ್ಮೊಳಗೆ ಒಬ್ರು ಬೇಕಲ್ವೇನೇ?"

ನಾನು ನಮ್ಮ ನಿಯಮ ನೆನಪಿಸಿದೆ. ಹೋದ ವರ್ಷದ ಮಹಾಸಭೆಯಲ್ಲಿ ನಾನೇ ಬರೆದು, ನಾನೇ ಓದಿ, ನಾನೇ ವಾದಿಸಿದ ನಿಯಮ: ವ್ಯವಹಾರ ನಿರ್ವಹಣೆಯ ಪದವಿ ಪಡೆದವರು ಯಾರೂ ಈ ಸಂಘದಲ್ಲಿ ಯಾವ ಹುದ್ದೆಯನ್ನೂ ಹಿಡಿಯತಕ್ಕದ್ದಲ್ಲ. ಅವತ್ತು ಎಲ್ಲರೂ ಕೈ ಎತ್ತಿದ್ದರು. ನೀನೂ ಎತ್ತಿದ್ದೆ.

ಅಕ್ಕನಿಗೆ ನೀನೇ ಒಂದು ಮಾತು ಬರೆದು ಹೇಳು. ನಿನ್ನ ಮಾತು ಅವರು ಮೀರುವುದಿಲ್ಲ.

ನಿನ್ನ ಮಗಳು,
ಇಲ್ಲಿಯವರ ಬಾಯಲ್ಲಿ ಇನ್ನೂ "ಕರಪತ್ರ"


ಜೂನ್ 17

ಮಗಳೇ,

ಕಾಗದ ಬಂತು. ಅಂಚೆಯವನು ಕೈಯಲ್ಲಿ ತೂಗಿ ನೋಡಿ, ಒಳಗೆ ಏನಾದರೂ ಸಾಮಾನಿದೆಯೇ ಎಂದು ಕೇಳಿದ. ಕೋಪ ಇದೆ ಎಂದೆ.

ಈ ಊರಿನ ಲಾಂಡ್ರಿಯ ವಿಷಯ ಹೇಳುತ್ತೇನೆ ಕೇಳು. ಇದೂ ನಮ್ಮದರ ಹಾಗೆ ಮಾಲೀಕ ಕೈಬಿಟ್ಟದ್ದು, ಕೆಲಸಗಾರರು ಹಿಡಿದುಕೊಂಡದ್ದು. ಕಿಟಕಿಗಳು ತೀರ ಎತ್ತರದಲ್ಲಿರುವುದರಿಂದ ಉಗಿ ಹೊರಗೆ ಹೋಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಯಾರ ಮುಖ ಯಾರದೆಂದು ತಿಳಿಯುವುದಿಲ್ಲ. ನಡೆಸುವುದು ಹೇಗೆಂದು ತೋರಿಸಿಕೊಡಲು ಒಂದು ವರ್ಷ ನನ್ನನ್ನು ಕಳಿಸಿದಿರಿ, ಸರಿ. ಆದರೆ ಇವರು ನನ್ನನ್ನೇ ಹೊಸ ಮಾಲೀಕಳು ಮಾಡಿಕೊಂಡಿದ್ದಾರೆ. ನಾನು ಬಾಗಿಲಲ್ಲಿ ಕಂಡರೆ ಎದ್ದು ನಿಲ್ಲುತ್ತಾರೆ. ಅದು ಹೋಗಲೆಂದು ಬೇಕಂತಲೇ ನೆಲ ಒರೆಸಲು ಶುರುಮಾಡಿದೆ. ಈಗ ನಾನು ನೆಲ ಒರೆಸುವಾಗಲೂ ಎದ್ದು ನಿಲ್ಲುತ್ತಾರೆ.

ಫೋನ್ ಯಾಕೆ ಮಾಡುವುದಿಲ್ಲ ಎಂದು ಅಕ್ಕನ ಹತ್ತಿರ ಗೊಣಗಿದೆಯಂತೆ. ಫೋನಿನಲ್ಲಿ ನೀನು ಭಾಷಣ ಮಾಡುತ್ತೀಯ, ನಾನು ಹೂಂ ಎನ್ನುತ್ತೇನೆ, ಇಬ್ಬರೂ ಮಾತಾಡಿದೆವೆಂದುಕೊಂಡು ಮಲಗುತ್ತೇವೆ. ಕಾಗದವಾದರೆ ಬರೆಯುವಾಗ ಕೈ ನೋಯುತ್ತದೆ, ಸ್ವಲ್ಪ ಯೋಚನೆಯೂ ಬರುತ್ತದೆ.

ಅಕ್ಕನಿಗೆ ನಾನೇನೂ ಬರೆಯುವುದಿಲ್ಲ. ಒಳಗೆ ಕಾಲಿಡದ ಜಾಗವನ್ನು ಬೈಯುವುದಕ್ಕೆ ಅಂಥ ಧೈರ್ಯವೇನೂ ಬೇಡ. ಹೋಗಿ ನೋಡಿ ಬಾ, ಬಂದ ಮೇಲೆ ಬೈ. ಆಗ ನಾನೂ ಜೊತೆಗೂಡಿ ಬೈಯುತ್ತೇನೆ.

ರಾತ್ರಿ ಊಟ ಬಿಡಬೇಡ.

ಅಮ್ಮ


ಜುಲೈ 10

ಅಮ್ಮಾ,

ಹೋಗಿ ಬಂದೆ.

ಸಂದರ್ಶನಕ್ಕೆ ಬಂದವರೆಲ್ಲ ಉದ್ದನೆಯ ಮೊಗಸಾಲೆಯಲ್ಲಿ ಸಾಲಾಗಿ ಕೂತಿದ್ದರು. ಬ್ಯಾಂಕಿನವರು, ಔಷಧಿ ಕಂಪನಿಯವರು, ವಿಮೆಯವರು. ಎಲ್ಲರದೂ ಇಸ್ತ್ರಿ ಮಾಡಿದ ಅಂಗಿ, ಆದರೆ ಕಾಲರಿನ ಒಳಮಗ್ಗುಲು ಯಾರೂ ಮುಟ್ಟಿರಲಿಲ್ಲ. ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು. ಇವರಿಗೆ ಹೆದರುವುದೇನಿದೆ ಎನ್ನಿಸಿತು.

ಒಳಗೆ ಇಬ್ಬರಿದ್ದರು. ಒಬ್ಬರು ಯುವಕ ಮೇಷ್ಟ್ರು. ಇನ್ನೊಬ್ಬರು ಕೂದಲು ನರೆತ ಮೇಡಂ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಮೇಷ್ಟ್ರು ನನ್ನ ಅರ್ಜಿ ನೋಡುತ್ತಾ, ನಿಮ್ಮ ಕೈಕೆಳಗೆ ಎಷ್ಟು ಜನ ಕೆಲಸ ಮಾಡುತ್ತಾರೆ, ಅಲ್ಲಿ ಖಾಲಿ ಬಿಟ್ಟಿದ್ದೀರಿ ಎಂದರು.

"ಕೈಕೆಳಗೆ ಯಾರೂ ಇಲ್ಲ ಸರ್" ಎಂದೆ. "ಪಕ್ಕದಲ್ಲಿ ಮೂವತ್ತು ಜನ ಇದ್ದಾರೆ."

ಸುಳ್ಳು ಯಾಕೆ ಹೇಳಲಿ, ಆ ಮಾತನ್ನು ಮನೆಯಿಂದಲೇ ಸಿದ್ಧ ಮಾಡಿಕೊಂಡು ಹೋಗಿದ್ದೆ. ಹೇಳಿದ ಮೇಲೆ ನೆಟ್ಟಗೆ ಕೂತೆ. ಮೇಡಂ ನಕ್ಕರು, ಒಳ್ಳೆಯ ನಗುವೇ. ಆಮೇಲೆ ಕೇಳಿದರು, ಆಸ್ಪತ್ರೆಯವರು ಕೊಡುವ ಬಟ್ಟೆ ನಾಳೆ ಅರ್ಧಕ್ಕೆ ಇಳಿದರೆ ಆ ಮೂವತ್ತು ಜನಕ್ಕೂ ಕೆಲಸ ಹೇಗೆ ಉಳಿಸುತ್ತೀರಿ ಎಂದು. ನಾನು ಶುರುಮಾಡಿದೆ. ಆಸ್ಪತ್ರೆಗಳು ಲಾಭಕ್ಕೆ ಬಿದ್ದದ್ದು, ದೊಡ್ಡ ಕಂಪನಿಗಳು ಬೆಲೆ ಮುರಿಯುವುದು, ಸರ್ಕಾರ ಕಣ್ಣುಮುಚ್ಚಿ ಕೂತದ್ದು, ಎಲ್ಲ ಹೇಳಿದೆ. ಅವರು ಒಂದು ಸಲವೂ ತಡೆಯಲಿಲ್ಲ. ಪೂರ್ತಿ ಕೇಳಿ, "ಯಾರ ತಪ್ಪು ಅಂತ ಹೇಳಿದ್ರಿ. ಸೋಮವಾರ ಬೆಳಿಗ್ಗೆ ಏನ್ಮಾಡ್ತೀರಿ?" ಎಂದರು.

ಅಮ್ಮಾ, ಕೊನೆಗೆ "ಗೊತ್ತಿಲ್ಲ" ಎಂದೆ. ಅವರು ಅದನ್ನು ಬರೆದುಕೊಂಡರು. ಯಾಕೆ ಬರೆದುಕೊಂಡರೋ!

ಮನೆಗೆ ಬಂದು ಮಂಚದ ಕೆಳಗಿನ ಕಿರುಹೊತ್ತಿಗೆಗಳನ್ನೆಲ್ಲ ಎಳೆದು ನೆಲದ ಮೇಲೆ ಹರಡಿದೆ. ಸೋಮವಾರ ಬೆಳಿಗ್ಗೆಯ ವಿಷಯ ಒಂದರಲ್ಲೂ ಇಲ್ಲ. ಕ್ರಾಂತಿಯ ಮಾರನೆಯ ದಿನದ ವಿಷಯ ಇದೆ, ಆದರೆ ಅದು ಯಾವ ವಾರವೆಂದು ಬರೆದಿಲ್ಲ.

ಆ ಕಾಲೇಜು ಕೆಟ್ಟದ್ದು ಎಂದು ಈಗಲೂ ಹೇಳುತ್ತೇನೆ. ಆ ಪ್ರಶ್ನೆ ಮಾತ್ರ ಕೆಟ್ಟದ್ದಲ್ಲ.

ಮಗಳು


ಜುಲೈ 22

ಮಗಳೇ,

ಆ ಪ್ರಶ್ನೆಗೆ ನನಗೂ ಉತ್ತರ ಗೊತ್ತಿಲ್ಲ. ಕೂತು ಯೋಚಿಸಿದೆ. ಇಲ್ಲಿಯವರನ್ನೂ ಕೇಳಿದೆ, ಅವರು ಎದ್ದು ನಿಂತರು.

ಬೀಗ ಒಡೆದ ಕಥೆ ನಿನಗೆ ನೂರು ಸಲ ಹೇಳಿದ್ದೇನೆ. ನೀನು ಅದನ್ನು ನನಗಿಂತ ಚೆನ್ನಾಗಿ ಹೇಳುತ್ತೀಯ. ನೀನು ಹೇಳುವಾಗ ಸುತ್ತಿಗೆ ಹಿಡಿದವಳು ಆಳೆತ್ತರ ಇರುತ್ತಾಳೆ, ನಾನೇ ಎಂದು ನನಗೇ ಗುರುತು ಸಿಗುವುದಿಲ್ಲ. ಆದರೆ ಆಮೇಲೆ ಬಂದ ಸೋಮವಾರದ ಕಥೆ ಯಾರೂ ಹೇಳುವುದಿಲ್ಲ. ಆ ಸೋಮವಾರ ನಾವೇನು ಮಾಡಿದೆವು ಗೊತ್ತೇ? ಹಾಡಿದೆವು. ಇಡೀ ದಿನ ಯಂತ್ರ ತಿರುಗಿಸುತ್ತಾ ಹಾಡಿದೆವು. ಮಂಗಳವಾರ ಸೋಪು ಮುಗಿಯಿತು. ಮಾಲೀಕ ಸೋಪು ಎಲ್ಲಿಂದ ತರಿಸುತ್ತಿದ್ದನೆಂದು ನಮ್ಮಲ್ಲಿ ಯಾರಿಗೂ ತಿಳಿಯದು. ಬೀದಿ ಬೀದಿಯ ಅಂಗಡಿಗೆ ಓಡಿ, ಮನೆಯಲ್ಲಿ ಬಳಸುವ ಸಣ್ಣ ಪೊಟ್ಟಣಗಳನ್ನೆಲ್ಲ ಬಾಚಿಕೊಂಡು ಬಂದೆವು. ಪೊಟ್ಟಣ ಹರಿಯುವುದಕ್ಕೇ ಇಬ್ಬರನ್ನು ಕೂರಿಸಿದ್ದೆವು. ಅವತ್ತು ಆಸ್ಪತ್ರೆಯ ಚಾದರಗಳೆಲ್ಲ ಮಲ್ಲಿಗೆ ವಾಸನೆ ಹೊಡೆಯುತ್ತಿದ್ದವು. ಬಾಯ್ಲರ್ ತಾತ ಈಗಲೂ ಅದನ್ನು ಹೇಳಿ ನಗುತ್ತಾರೆ. ನಾನೂ ನಗುತ್ತೇನೆ. ಅವತ್ತು ನಗಲಿಲ್ಲ.

ಇಷ್ಟು ಬರೆದದ್ದು ಹೀಗೇ ಮಾಡು ಎಂದು ಹೇಳುವುದಕ್ಕಲ್ಲ. ಹೇಳಿದರೆ ನೀನು ಅದರ ಉಲ್ಟಾ ಮಾಡುತ್ತೀಯ.

ಆ ತರಗತಿ ಬಿಟ್ಟ ಮೇಲೆ ಬಸ್ಸು ಸಿಗುತ್ತದೆಯೇ? ಕಾಲೇಜಿನಿಂದ ನಿಲ್ದಾಣದವರೆಗೆ ಬೀದಿದೀಪ ಇದೆಯೇ? ಸುಮ್ಮನೆ ಕೇಳಿದೆ.

ಅಮ್ಮ


ಆಗಸ್ಟ್ 20

ಅಮ್ಮಾ,

ಸೀಟು ಸಿಕ್ಕಿದೆ. ನಾನು ಓದಬೇಕೆಂದಿದ್ದೇನೆ. ಅಕ್ಕ ಹೇಳಿದರೆಂದಲ್ಲ, ನನಗೇ ಆ ಸೋಮವಾರ ಬೇಕು.

ಈಗ ಉಳಿದಿರುವ ಅಡ್ಡಿ ನಾನೇ. ನಾನು ಬರೆದ ನಿಯಮ. ಎಂಬಿಎ ಮಾಡಿದರೆ ನಾನು ಇಲ್ಲಿ ಎಂದೂ ಕಾರ್ಯದರ್ಶಿಯಾಗುವ ಹಾಗಿಲ್ಲ, ಸಮಿತಿಯಲ್ಲಿ ಕೂರುವ ಹಾಗೂ ಇಲ್ಲ. ಅಕ್ಕನಿಗೆ ವಯಸ್ಸಾಯಿತು, ಅವರು ಇನ್ನೆರಡು ವರ್ಷಕ್ಕೆ ಬಿಡುತ್ತಾರೆ. ಆಮೇಲೆ ಆಸ್ಪತ್ರೆಯವರ ಎದುರು ಕೂತು ಮಾತಾಡುವವರು ಯಾರು? ಮಾತಾಡಲೆಂದೇ ಕಲಿತವಳು ಹೊರಗೆ ನಿಲ್ಲಬೇಕೆ? ಹೌದು, ನನಗೆ ಆ ಕೆಲಸ ಬೇಕು. ಅಡಗಿಸಿ ಏನು ಪ್ರಯೋಜನ? ಚೆನ್ನಾಗಿ ಮಾಡುತ್ತೇನೆಂದು ನನಗೆ ಗೊತ್ತು.

ನಿಯಮ ಇದ್ದರೆ ಇರಲಿ ಬಿಡು, ಆ ಹೊತ್ತಿಗೆ ಯಾರು ತೆಗೆದು ಓದುತ್ತಾರೆ ಎಂದು ಹಲವರು ಸಮಾಧಾನ ಹೇಳಿದರು. ನನಗೆ ಮೈ ಉರಿಯಿತು. ನಮಗೆ ಬೇಡವಾದಾಗ ಕಣ್ಣುಮುಚ್ಚುವುದಾದರೆ ಮಾಲೀಕನಿಗೂ ನಮಗೂ ಏನು ವ್ಯತ್ಯಾಸ? ತೆಗೆಯುವುದಾದರೆ ಎಲ್ಲರ ಎದುರಿಗೆ, ಕೈ ಎತ್ತಿ ತೆಗೆಯಬೇಕು. ಸೆಪ್ಟೆಂಬರಿನಲ್ಲಿ ವಿಶೇಷ ಸಭೆ ಕರೆಯುತ್ತಿದ್ದೇವೆ.

ಕೆಲವರು ತೆಗೆಯೋಣ ಎನ್ನುತ್ತಾರೆ, ಕೆಲವರು ಸುಮ್ಮನಿದ್ದಾರೆ. ಎದ್ದು ನಿಂತು ಬೇಡವೆನ್ನುತ್ತಿರುವವರು ಬಾಯ್ಲರ್ ತಾತ. ಅದೂ ನನ್ನ ಮಾತಿನಲ್ಲೇ! ಹೋದ ವರ್ಷ ನಾನು ಹಂಚಿದ ಕರಪತ್ರವನ್ನು ಅವರು ಬಾಯಿಪಾಠ ಮಾಡಿಟ್ಟುಕೊಂಡಿದ್ದಾರೆ. ಊಟದ ಕೋಣೆಯಲ್ಲಿ ಇಬ್ಬರಿಗೂ ಜೋರಾಗಿ ಹತ್ತಿಕೊಂಡಿತು. ಜಗಳವಾಡಿದವರಿಗೆ ನಮ್ಮಲ್ಲಿ ಏನು ಶಿಕ್ಷೆ ಎಂದು ನಿನಗೆ ಗೊತ್ತು, ನೀನೇ ಹುಟ್ಟುಹಾಕಿದ್ದು. ಅಕ್ಕ ಇಬ್ಬರನ್ನೂ ದೊಡ್ಡ ಚಾದರ ಮಡಿಸಲು ನಿಲ್ಲಿಸಿದರು. ಆಚೆ ತುದಿಯಲ್ಲಿ ಅವರು, ಈಚೆ ತುದಿಯಲ್ಲಿ ನಾನು. ಪ್ರತಿ ಮಡಿಕೆಗೂ ಎದುರುಬದುರು ನಡೆದು ಬಂದು ಅಂಚಿಗೆ ಅಂಚು ಸೇರಿಸಬೇಕು, ಮುಖ ತಿರುಗಿಸಿಕೊಂಡರೆ ಮಡಿಕೆ ಸೊಟ್ಟಗಾಗುತ್ತದೆ.

ಅರ್ಧ ರಾಶಿ ಮುಗಿದ ಮೇಲೆ ಅವರೇ ಹೇಳಿದರು. "ಅಲ್ಲಮ್ಮ ಕರಪತ್ರ, ಹೋದ ವರ್ಷ ನೀನು ಹೇಳೋವರೆಗೂ ನಾನು ಇದನ್ನೆಲ್ಲ ಯೋಚನೆ ಮಾಡಿದವನೇ ಅಲ್ಲ. ಈಗ ಮಾಡಿದೀನಿ. ನೀನು ಬದಲಾದೆ ಅಂತ ನಾನೂ ಬದಲಾಗ್ಬೇಕಾ?"

ಅವರು ಅಂಚು ನನ್ನ ಕೈಗೆ ಕೊಟ್ಟು ಇನ್ನೊಂದು ಚಾದರ ತೆಗೆದರು. ರಾಶಿಯೆಲ್ಲ ಸೊಗಸಾಗಿ ಮಡಿಸಿಟ್ಟೆವು. ಇಬ್ಬರಲ್ಲಿ ಒಬ್ಬರೂ ಸೋಲಲಿಲ್ಲ.

ಊರಿನಲ್ಲಿಲ್ಲದ ಸದಸ್ಯರು ಮತವನ್ನು ಬರೆದು ಕಳಿಸಬಹುದು, ಅದನ್ನು ಸಭೆಯಲ್ಲಿ ಮೊದಲು ಓದುತ್ತಾರೆ. ನಿನ್ನದನ್ನು ಬೇಗ ಕಳಿಸು. ಬೀಗ ಒಡೆದವಳ ಮಾತು ಮೊದಲು ಬಿದ್ದರೆ ಸುಮ್ಮನಿರುವವರೆಲ್ಲ ಈ ಕಡೆ ಬರುತ್ತಾರೆ.

ದಾರಿಯುದ್ದಕ್ಕೂ ದೀಪ ಇದೆ. ನೋಡಿಕೊಂಡು ಬಂದೆ.

ನಿನ್ನ ಮಗಳು


ಸೆಪ್ಟೆಂಬರ್ 3

ಮಗಳೇ,

ಸಭೆಗೆ ಹೇಳುವ ಮೊದಲು ನಿನಗೆ ಹೇಳಬೇಕು. ನಿಯಮ ಉಳಿಯಲಿ ಎಂದು ನಾನು ಮತ ಬರೆದಿದ್ದೇನೆ. ಈ ಕಾಗದದ ಜೊತೆಗೇ ಅದನ್ನೂ ಅಂಚೆಗೆ ಹಾಕುತ್ತೇನೆ.

ಸಿಟ್ಟು ಬಂದರೆ ಇಲ್ಲಿ ನಿಲ್ಲಿಸಿ, ನೀರು ಕುಡಿದು, ಆಮೇಲೆ ಮುಂದೆ ಓದು.

ಹೋದ ವರ್ಷ ನಾನು ಕೈ ಎತ್ತಿದ್ದು ನಿಯಮಕ್ಕಲ್ಲ. ನೀನು ಎದ್ದು ನಿಂತು ಮಾತಾಡುತ್ತಿದ್ದೆ. ಸೋಪಿನ ಪೆಟ್ಟಿಗೆಯಲ್ಲಿ ಮಲಗಿಸಿ ಬೆಳೆಸಿದ ಮಗು, ಅಷ್ಟು ಜನರ ಎದುರು, ಒಂದು ಚೀಟಿಯನ್ನೂ ನೋಡದೆ. ನನಗೆ ನೀನು ಹೇಳಿದ್ದು ಒಂದಕ್ಷರವೂ ಕೇಳಿಸಲಿಲ್ಲ. ಕೈ ತಾನಾಗಿಯೇ ಮೇಲೆ ಹೋಯಿತು. ಸುತ್ತ ನೋಡಿದರೆ ಎಲ್ಲರದೂ ಹಾಗೆಯೇ ಹೋಗಿತ್ತು. ಎಲ್ಲರೂ ಎತ್ತಿಕೊಂಡು ಆಡಿಸಿದ ಮಗುವಲ್ಲವೇ ನೀನು. ಬಾಯ್ಲರ್ ತಾತ ಒಬ್ಬರೇ ಇರಬೇಕು, ನಿಜವಾಗಿ ಕೇಳಿಸಿಕೊಂಡವರು.

ಈ ಸಲ ನಿಯಮವನ್ನು ಎದುರಿಗಿಟ್ಟುಕೊಂಡು ನೋಡಿದೆ. ನೀನು ಅದಕ್ಕೆ ಕೊಟ್ಟ ಕಾರಣ ತಪ್ಪು. ಓದಿದವರೆಲ್ಲ ಕೆಟ್ಟವರಲ್ಲ. ಆದರೆ ನಿಯಮ ಸರಿ. ಅದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಇವರಿಗಿಂತ ನನಗೆ ಗೊತ್ತಿರುವುದು ಎಷ್ಟು? ಒಂದು ಹಿಡಿ ಹೆಚ್ಚು. ಅಷ್ಟಕ್ಕೇ ಎದ್ದು ನಿಲ್ಲುತ್ತಾರೆ, ಅಷ್ಟಕ್ಕೇ ಯೋಚಿಸುವ ಕೆಲಸವನ್ನು ನನಗೆ ಬಿಟ್ಟು ಆರಾಮಾಗುತ್ತಾರೆ. ಹೆಚ್ಚು ತಿಳಿದವಳಿಗೆ ಕುರ್ಚಿಯೂ ಸಿಕ್ಕಿಬಿಟ್ಟರೆ ಉಳಿದವರು ಕಲಿಯುವುದನ್ನು ನಿಲ್ಲಿಸುತ್ತಾರೆ. ಅವಳಿಗೆ ಕುರ್ಚಿ ಇಲ್ಲವೆಂದರೆ, ಕೂರುವವರಿಗೆ ಅವಳು ಹೇಳಿಕೊಡಲೇಬೇಕಾಗುತ್ತದೆ.

ನೀನು ಓದು. ಓದಬೇಕು. ಆದರೆ ಕುರ್ಚಿ ಇಲ್ಲ ಎಂದು ತಿಳಿದೂ ಓದುತ್ತೀಯೋ ಇಲ್ಲವೋ, ಅದು ನೀನು ನಿರ್ಧರಿಸಬೇಕಾದ್ದು. ನಾನು ಹೇಳುವಂಥದ್ದಲ್ಲ.

ಒಳ್ಳೆಯ ತಾಯಿ ಹೀಗೆ ಮಾಡುತ್ತಾಳೆಯೇ ಎಂದು ಈ ಪೇಟೆಯ ರಸ್ತೆಯಲ್ಲಿ ನಡೆಯುತ್ತಾ ಯೋಚಿಸಿದೆ. ಗೊತ್ತಾಗಲಿಲ್ಲ.

ಅಮ್ಮ


ಸೆಪ್ಟೆಂಬರ್ 30

ಮಗಳೇ,

ಸಭೆ ಮುಗಿದಿರಬೇಕು. ಏನಾಯಿತೆಂದು ಅಕ್ಕನನ್ನು ಕೇಳಿಲ್ಲ. ಕೇಳುವುದಾದರೆ ನಿನ್ನಿಂದಲೇ ಕೇಳಬೇಕು.

ಇಲ್ಲಿ ಗೋಡೆಯ ಕೆಳಭಾಗ ಒಡೆದು ಎರಡು ಕಿಟಕಿ ಇಟ್ಟೆವು. ಉಗಿ ಹೋಗುತ್ತಿದೆ. ಈಗ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿದೆ. ಕೆಲವರು ಮೊದಲಿದ್ದದ್ದೇ ವಾಸಿ ಎನ್ನುತ್ತಿದ್ದಾರೆ.

ಅಂಚೆಯವನು ದಿನಾ ಇತ್ತ ಹಾದು ಹೋಗುತ್ತಾನೆ.

ಅಮ್ಮ


ಅಕ್ಟೋಬರ್ 13

ಅಮ್ಮಾ,

ನಿನ್ನ ಎರಡನೆಯ ಕಾಗದ ಬರದಿದ್ದರೆ ಇನ್ನೂ ಬರೆಯುತ್ತಿರಲಿಲ್ಲ. ಅಷ್ಟು ಕೋಪ ಇತ್ತು. ಈಗಲೂ ಸ್ವಲ್ಪ ಇದೆ, ಇದ್ದರೆ ಇರಲಿ.

ಅಕ್ಕ ನಿನ್ನ ಮತವನ್ನು ಮೊದಲು ಓದಿದರು. ಓದುವಾಗ ಅವರ ದನಿ ಸಣ್ಣಗಾಯಿತು. ಎಲ್ಲರೂ ನನ್ನತ್ತ ತಿರುಗಿದರು. ಮೊದಲೇ ಹೇಳಿ ಒಳ್ಳೆಯದು ಮಾಡಿದೆ, ಇಲ್ಲವಾದರೆ ಅಲ್ಲೇ ಕುಸಿಯುತ್ತಿದ್ದೆ. ಎದ್ದು ನಿಂತು ವಾದಿಸಿದೆ. ಅಮ್ಮಾ, ಚೆನ್ನಾಗಿಯೇ ವಾದಿಸಿದೆ. ಹೋದ ವರ್ಷಕ್ಕಿಂತ ಚೆನ್ನಾಗಿ. ಈ ಸಲ ಯಾರನ್ನೂ ಬೈಯಲಿಲ್ಲ.

ಆಮೇಲೆ ಅವರೆಲ್ಲ ಮಾತಾಡಿದರು. ಇಸ್ತ್ರಿ ರೋಲರ್ ಹತ್ತಿರ ನಿಲ್ಲುವ ಆ ಚಿಕ್ಕಮ್ಮ, ಸಭೆಯಲ್ಲಿ ಎಂದೂ ಬಾಯಿ ಬಿಡದೆ "ಮೂಕಿ" ಎಂದು ಹೆಸರಾದವರು, ಅವರೂ ಎದ್ದರು. ಹೋದ ವರ್ಷ ಇದನ್ನು ಪ್ರೀತಿಗೆ ಒಪ್ಪಿಕೊಂಡೆವು, ಈಗ ಪ್ರೀತಿಗೇ ಕಿತ್ತು ಹಾಕಿದರೆ ನಮ್ಮ ತಲೆ ಇರುವುದು ಯಾತಕ್ಕೆ ಎಂದು ಕೇಳಿದರು. ಒಬ್ಬರು ನನ್ನ ಪರ, ಒಬ್ಬರು ವಿರುದ್ಧ, ಮತ್ತೊಬ್ಬರು ಎರಡೂ. ಕತ್ತಲಾಗುವವರೆಗೂ ನಡೆಯಿತು. ನನ್ನ ವಿಷಯವಾದ್ದರಿಂದ ನಾನು ಕೈ ಎತ್ತುವ ಹಾಗಿರಲಿಲ್ಲ.

ಒಂದೇ ಮತದಿಂದ ನಿಯಮ ಉಳಿಯಿತು. ಅದು ಯಾರ ಮತವೆಂದು ಹೇಳುವುದು? ತಾತನದೂ ಆಗಬಹುದು, ಚಿಕ್ಕಮ್ಮನದೂ ಆಗಬಹುದು. ನಾನಂತೂ ನಿನ್ನದೇ ಎಂದುಕೊಂಡು ಮನೆಗೆ ಬಂದು, ಬಾಗಿಲು ಹಾಕಿ ಅತ್ತೆ.

ಆದರೆ ಒಂದು ಮಾತು ಹೇಳಬೇಕು. ಸೋತು ಕೂತಿದ್ದಾಗ ಒಳಗಿನಿಂದ ಏನೋ ಉಬ್ಬಿಕೊಂಡು ಬರುತ್ತಿತ್ತು. ಅಳು ಎಂದುಕೊಂಡೆ, ಅಲ್ಲ. ಕೆಲಸಗಾರರು ತಮ್ಮನ್ನು ತಾವೇ ಆಳಿಕೊಳ್ಳುತ್ತಾರೆ ಎಂದು ಎಷ್ಟು ಸಲ ಓದಿದ್ದೇನೆ, ಎಷ್ಟು ಗೋಡೆಗೆ ಅಂಟಿಸಿದ್ದೇನೆ! ಅದು ಕಣ್ಣೆದುರು ನಡೆಯುವಾಗ ನೋಡಲು ಹೀಗಿರುತ್ತದೆಂದು, ಸೋಲುವವಳು ನಾನಾಗಿರುತ್ತೇನೆಂದು ಯಾವ ಕರಪತ್ರವೂ ಹೇಳಿರಲಿಲ್ಲ. ನಮ್ಮವರು ನನ್ನ ಮುಖ ನೋಡಿ ಮತ ಹಾಕಲಿಲ್ಲ ಅಮ್ಮಾ. ಇಂಥವರ ನಡುವೆ ಸೋಲುವ ಭಾಗ್ಯ ಎಷ್ಟು ಜನಕ್ಕಿದೆ?

ಎಣಿಕೆ ಮುಗಿದ ಮೇಲೆ, ಹಾಗಾದರೆ ಓದುತ್ತೀಯಾ ಎಂದು ಅಕ್ಕ ಕೇಳಿದರು. ಸಭೆ ಇನ್ನೂ ಎದ್ದಿರಲಿಲ್ಲ. ನಾನು ಉತ್ತರ ಹುಡುಕಲೇ ಇಲ್ಲ. "ಓದ್ತೀನಿ" ಎಂದೆ. "ಕುರ್ಚಿ ಬೇಡ. ಬೆಳಗಿನ ಪಾಳಿ ಕೊಡಿ." ಆಗ ಎದ್ದವು ನೋಡು ಕೈಗಳು. ನನ್ನ ಪರ, ವಿರುದ್ಧ, ಎರಡೂ ಎಂದವರು, ಎಲ್ಲರದೂ. ತಾತ ಎರಡು ಕೈ ಎತ್ತಿದರು, ಅಕ್ಕ ಗದರಿ ಒಂದನ್ನು ಇಳಿಸಿದರು.

ಮುಂದಿನ ವಾರದಿಂದ ತರಗತಿ.

ನಿನ್ನ ಮಗಳು


ಜನವರಿ 16

ಅಮ್ಮಾ,

ಬರೆಯದೆ ತಿಂಗಳುಗಳೇ ಆದವು. ಬೆಳಿಗ್ಗೆ ರೋಲರ್, ಸಂಜೆ ತರಗತಿ. ಮೊದಲ ತಿಂಗಳು ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡಿದ್ದೇ ಹೆಚ್ಚು. ಪಕ್ಕದಲ್ಲಿ ಕೂರುವ ಬ್ಯಾಂಕಿನವನು ಮೇಡಂ ಬರುವಾಗ ಮೊಣಕೈಯಿಂದ ತಿವಿದು ಎಬ್ಬಿಸುತ್ತಾನೆ. ಅದಕ್ಕೆ ಪ್ರತಿಯಾಗಿ ಕಾಲರಿನ ಒಳಮಗ್ಗುಲು ಇಸ್ತ್ರಿ ಮಾಡುವುದು ಹೇಗೆಂದು ಅವನಿಗೆ ಹೇಳಿಕೊಟ್ಟೆ. ಅಲ್ಲಿ ಹೇಳುವುದರಲ್ಲಿ ಅರ್ಧ ನನಗೆ ಒಪ್ಪಿಗೆಯಿಲ್ಲ. ಕೈ ಎತ್ತಿ ಹೇಳುತ್ತೇನೆ. ಮೇಡಂ ಈಗ ನಾನು ಕೈ ಎತ್ತುವ ಮೊದಲೇ, "ಹೇಳಿ, ಲಾಂಡ್ರಿ ಏನನ್ನುತ್ತೆ?" ಎನ್ನುತ್ತಾರೆ.

ಉಳಿದರ್ಧ ಮಾತ್ರ ಬೇಕಾದದ್ದು. ಆ ಸಲಹೆಗಾರ ಯಾಕೆ ತಪ್ಪು ಎಂದು ನನಗೆ ಗೊತ್ತಾಯಿತು! ಕೆಟ್ಟ ಮಾಲು ಗಿರಾಕಿಯ ಕೈ ಸೇರಿ ವಾಪಸಾದರೆ ಅದಕ್ಕೆ ಏನೇನು ಖರ್ಚು ಬೀಳುತ್ತದೆ ಎಂದು ಒಂದು ಸಂಜೆ ಪಾಠ ಮಾಡುತ್ತಿದ್ದರು. ನನ್ನ ನಿದ್ದೆ ಹಾರಿಹೋಯಿತು. ಅವನು ಮಡಿಸುವುದನ್ನು ಬರೀ ಮಡಿಸುವುದು ಎಂದು ಲೆಕ್ಕ ಹಿಡಿದಿದ್ದ. ಆದರೆ ಹರಿದ ಚಾದರ, ಹೋಗದ ಕಲೆ, ಎಲ್ಲ ಸಿಕ್ಕಿಬೀಳುವುದು ಮಡಿಸುವ ಕೈಗಳಿಗೆ. ಯಂತ್ರ ಹರಿದದ್ದನ್ನೂ ಅಚ್ಚುಕಟ್ಟಾಗಿ ಮಡಿಸಿ ಆಸ್ಪತ್ರೆಗೆ ಕಳಿಸುತ್ತದೆ. ಅಲ್ಲಿಂದ ಅದು ವಾಪಸು ಬರಬೇಕು, ಬದಲಿಗೆ ಇನ್ನೊಂದು ಹೋಗಬೇಕು, ಅಷ್ಟು ಹೊತ್ತು ಅಲ್ಲೊಂದು ಹಾಸಿಗೆ ಖಾಲಿ ಬಿದ್ದಿರಬೇಕು. ನಮ್ಮ ವಿಭಾಗ ಮಡಿಸುವುದಷ್ಟೇ ಅಲ್ಲ, ಕಾವಲೂ ಕಾಯುತ್ತದೆ. ಇದು ನಮಗೆಲ್ಲ ಗೊತ್ತಿದ್ದದ್ದೇ. ಆಸ್ಪತ್ರೆಯವರಿಗೆ ತಿಳಿಯುವ ಹಾಗೆ ಬರೆಯಲು ಬರುತ್ತಿರಲಿಲ್ಲ, ಅಷ್ಟೇ.

ಡಿಸೆಂಬರ್ ಪೂರ್ತಿ ಬಿಡುವಿನ ಹೊತ್ತಿನಲ್ಲಿ ಅಕ್ಕನಿಗೂ ಮೂಕಿ ಚಿಕ್ಕಮ್ಮನಿಗೂ ಹೇಳಿಕೊಟ್ಟೆ. ಸಿಟ್ಟು ಬಂದು ಎರಡು ಸಲ ಎದ್ದು ಹೋಗಿದ್ದೆ. ನಾನೇ ಹೋಗಿ ಮಾತಾಡಿದರೆ ಅರ್ಧ ಗಂಟೆಯ ಕೆಲಸ ಎನ್ನಿಸುತ್ತಿತ್ತು. ನಿನ್ನ ಮಾತು ನೆನಪಾಗಿ, ನಿನ್ನನ್ನೂ ಬೈದುಕೊಂಡು, ವಾಪಸು ಬಂದು ಕೂತೆ.

ನಿನ್ನೆ ಅವರಿಬ್ಬರೂ ಆಸ್ಪತ್ರೆಯ ಕಚೇರಿಗೆ ಹೋದರು. ನಾನು ರೋಲರ್ ಬಿಟ್ಟು ಕದಲಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ಕಣ್ಣು ಬಾಗಿಲ ಮೇಲೆ. ಮಧ್ಯಾಹ್ನ ಬಂದರು. ಮೂರು ವರ್ಷಕ್ಕೆ ಸಿಕ್ಕಿದೆ ಅಮ್ಮಾ, ಒಬ್ಬರ ಕೆಲಸವೂ ಹೋಗದ ಹಾಗೆ! ಅಲ್ಲಿ ಹೆಚ್ಚು ಮಾತಾಡಿದವರು ಚಿಕ್ಕಮ್ಮನಂತೆ. ಆಸ್ಪತ್ರೆಯವರು, ನೀವು ಎಲ್ಲಿ ಓದಿದ್ದು ಎಂದು ಕೇಳಿದರಂತೆ. "ಊಟದ ಕೋಣೇಲಿ" ಎಂದರಂತೆ.

ಸಂಜೆ ತರಗತಿಗೆ ಹೊರಟಾಗ ತಾತ ಬಾಯ್ಲರ್ ಮನೆಯ ಬಾಗಿಲಲ್ಲಿ ನಿಂತಿದ್ದರು. "ಇಷ್ಟೆಲ್ಲ ಮಾಡಿದೆ ಅಂತ ಕುರ್ಚಿ ಕೊಡ್ತೀವಿ ಅಂದ್ಕೋಬೇಡ" ಎಂದರು.

"ಕೇಳಿದ್ದು ಯಾರು ತಾತ?" ಎಂದೆ.

ಬಸ್ಸು ತಪ್ಪಿತು. ನಡೆದೇ ಹೋದೆ. ಎದೆ ಎಷ್ಟು ತುಂಬಿತ್ತೆಂದರೆ ಬಸ್ಸಿನಲ್ಲಿ ಹಿಡಿಸುತ್ತಿರಲಿಲ್ಲ.

ನಿನ್ನ ಮಗಳು,
ಇಸ್ತ್ರಿ ವಿಭಾಗ


ಫೆಬ್ರವರಿ 2

ಮಗಳೇ,

ನಿನ್ನ ಕಾಗದದಲ್ಲಿ ಮಡಿಸುವ ವಿಭಾಗದ ವಿಷಯ ಇದ್ದ ಭಾಗವನ್ನು ನಿನ್ನೆ ಇಲ್ಲಿನ ಸಭೆಯಲ್ಲಿ ಓದಿದೆ. ಇವರೂ ಅದೇ ಯಂತ್ರ ಕೊಳ್ಳಬೇಕೆಂದು ಕೂತಿದ್ದರು. ಓದುತ್ತಿದ್ದಾಗ ಒಬ್ಬಳು ಕೂತಲ್ಲಿಂದಲೇ, "ತಡೀರಿ, ಅದನ್ನ ಇನ್ನೊಂದ್ಸಲ ಓದಿ, ನಂಗೆ ಒಪ್ಪಿಗೆ ಇಲ್ಲ" ಎಂದಳು. ಕೂತಲ್ಲಿಂದಲೇ! ನನಗೆ ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಮತ್ತೆ ಓದಿದೆ. ಒಂದು ಗಂಟೆ ಜಗಳವಾಡಿದರು. ನಾನು ಮೂಲೆಯಲ್ಲಿ ಕೂತು ಕೇಳಿಸಿಕೊಂಡೆ, ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಇಷ್ಟು ತಿಂಗಳಲ್ಲಿ ಇಲ್ಲಿ ನನಗೆ ಸಿಕ್ಕ ಒಳ್ಳೆಯ ಸಂಜೆ ಅದೇ.

ಮುಂದಿನ ಪಾಠ ಬರೆದು ಕಳಿಸು. ಬಟ್ಟೆಗೆ ದರ ಹೇಗೆ ಕಟ್ಟುವುದೆಂದು ಕೇಳುತ್ತಿದ್ದಾರೆ. ಭಾಷಣ ಕಡಿಮೆ ಇರಲಿ.

ಸಭೆ ಮುಗಿದ ಮೇಲೆ ಅದೇ ಹೆಂಗಸು ಹತ್ತಿರ ಬಂದು, ಇದನ್ನು ಬರೆದ ಮ್ಯಾನೇಜರ್ ಯಾರು ಎಂದು ಕೇಳಿದಳು. ಮ್ಯಾನೇಜರ್ ಅಲ್ಲ, ಇಸ್ತ್ರಿ ಮಾಡುವವಳು, ಸಂಜೆ ಓದುತ್ತಾಳೆ ಎಂದೆ. ಅಷ್ಟಕ್ಕೇ ನಿಲ್ಲಿಸಬೇಕೆಂದುಕೊಂಡಿದ್ದೆ. ಅವಳು ಬಾಗಿಲು ದಾಟಿ, ಅಂಗಳ ದಾಟಿ, ಬೀದಿಗೆ ಇಳಿದಿದ್ದಳು. ನಾನು ಚಪ್ಪಲಿಯನ್ನೂ ಮೆಟ್ಟದೆ ಹಿಂದೆ ಓಡಿಹೋಗಿ ಹೇಳಿಬಂದೆ, ನನ್ನ ಮಗಳು ಎಂದು.

ಅಮ್ಮ